ನೆಲದಡಿಯ ಲೆಕ್ಕ ಬರೆಯುವವರು



ಪರಿಸರದ ಸಮಸ್ಯೆಗಳನ್ನು ಎದುರಿಸಲು ಬೇಕಾದ ವೃತ್ತಿ ಕೌಶಲ, ಸಂಶೋಧನಾ ಕೌಶಲಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಈ ವಿಷಯದ ಮೇಲೆ ಎಲ್ಲಿ ಬೇಕಾದರೂ ಒಪ್ಪುವಂಥ ಭಾಷಣ ಮಾಡಬಹುದು. ಅದರಿಂದ ನಿಮಗಾಗಲಿ ಈ ನೆಲಕ್ಕಾಗಲಿ ಉಪಯೋಗವಿಲ್ಲ. ಹಾಗಾಗಿ ನಾನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಈ ನಾಲ್ಕು ತಾಲ್ಲೂಕುಗಳನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಇಲ್ಲಿನ ನೀರು, ಇಲ್ಲಿನ ಕಲ್ಲು, ಇಲ್ಲಿನ ದೂಳು, ಇವುಗಳ ಜೊತೆ ಕೆಲಸ ಮಾಡಬೇಕಾದವನಿಗೆ ಏನು ಗೊತ್ತಿರಬೇಕು, ಅವನ ಕೈ ಯಾವುದರಲ್ಲಿ ಪಳಗಿರಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಮಾರಿಕಣಿವೆಯಿಂದ ಶುರು ಮಾಡೋಣ. ಅಲ್ಲಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ತಿಯಾದ ಅಣೆಕಟ್ಟು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ್ದು, ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುತ್ತದೆ. 130 ಅಡಿಗೆ ನೀರು ಬಂದರೆ ಕೋಡಿ. 1933ರಲ್ಲಿ ಮೊದಲ ಸಲ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎರಡನೇ ಸಲ, 2025ರ ಜನವರಿಯಲ್ಲಿ ಮೂರನೇ ಸಲ ಬಿತ್ತು. ಹಿರಿಯೂರಿನ ಹುಡುಗರಿಗೂ ಈ ಇಸವಿಗಳು ಬಾಯಿಪಾಠ. ಇಷ್ಟು ನಿಖರವಾಗಿ ನಮಗೆ ಇದು ಗೊತ್ತಿರುವುದು ಹೇಗೆ? ಒಂದು ಶತಮಾನಕ್ಕೂ ಮಿಕ್ಕಿ, ಮಳೆ ಇರಲಿ ಬರ ಇರಲಿ, ಯಾರೋ ಒಬ್ಬ ನೌಕರ ಅಣೆಯ ಅಳತೆಗೋಲು ನೋಡಿ ಪುಸ್ತಕದಲ್ಲಿ ಅಂಕಿ ಬರೆಯುತ್ತ ಬಂದಿದ್ದಾನೆ. ಅವನ ಹೆಸರು ಯಾವ ಶಿಲಾಫಲಕದ ಮೇಲೂ ಇಲ್ಲ. ಆದರೂ ಹಿರಿಯೂರಿನ ಅಚ್ಚುಕಟ್ಟಿಗೆ ನೀರು ಬಿಡುವ ವಾದವಿರಲಿ, ಊರುಗಳ ಕುಡಿಯುವ ನೀರಿನ ಯೋಜನೆ ಇರಲಿ, 2022ರಲ್ಲಿ ಹೊಸದುರ್ಗದ ಕಡೆ ಹಿನ್ನೀರು ತೋಟ ಹೊಲಗಳಿಗೆ ನುಗ್ಗಿದಾಗ ಎದ್ದ ತಕರಾರಿರಲಿ, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅವನು ಬರೆದ ಅಂಕಿಯ ಮುಂದೆಯೇ.

ಈಗ ಆ ಅಂಕಿಯ ಒಳಗೇ ಒಂದು ಹೊಸ ಪ್ರಶ್ನೆ ಹುಟ್ಟಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯಿಂದ ಎತ್ತಿದ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಯ ಪಾತ್ರಕ್ಕೆ ಇಳಿಯುತ್ತಿದೆ. ಹಾಗಾದರೆ ಅಣೆ ತುಂಬಿದ್ದರಲ್ಲಿ ಮಳೆಯ ಪಾಲೆಷ್ಟು, ಭದ್ರೆಯ ಪಾಲೆಷ್ಟು? ಮೇಲಿನ ಕೆರೆಗಳು, ಚೆಕ್‌ಡ್ಯಾಮುಗಳು ಹಿಡಿದಿಟ್ಟುಕೊಂಡದ್ದೆಷ್ಟು? ಇದನ್ನು ಬಿಡಿಸಿ ಹೇಳಬಲ್ಲ ಜಲವಿಜ್ಞಾನಿ ನಮ್ಮ ಜಿಲ್ಲೆಯಲ್ಲೇ, ನಮ್ಮ ಕಾಲೇಜುಗಳಲ್ಲೇ ತಯಾರಾಗಬೇಕು. ಇದು ಬೆಂಗಳೂರಿನ ಕಚೇರಿಯಲ್ಲಿ ಕೂತು ಮುಗಿಸುವ ಲೆಕ್ಕವಲ್ಲ. ಅಜ್ಜಂಪುರದಿಂದ ಕೆಳಗೆ ಹಳ್ಳ ಹಳ್ಳ ನಡೆದು ನೋಡಿದವರ ಲೆಕ್ಕ.

ಅಣೆಕಟ್ಟಿನ ನೀರು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದಕ್ಕೆ ಲೆಕ್ಕವಿದೆ. ನಮ್ಮ ಬದುಕು ನಿಂತಿರುವುದು ಮಾತ್ರ ಹೆಚ್ಚಾಗಿ ಕಾಣದ ನೀರಿನ ಮೇಲೆ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ, ಹೊಸದುರ್ಗದ ತೆಂಗು ದಾಳಿಂಬೆ, ಹಿರಿಯೂರಿನ ಅಚ್ಚುಕಟ್ಟಿನ ಹೊರಗಿನ ತೋಟಗಳು, ಇವೆಲ್ಲ ನಿಂತಿರುವುದು ಬೋರಿನ ಮೇಲೆ. ಆರುನೂರು, ಎಂಟುನೂರು, ಸಾವಿರ ಅಡಿ. ಸಾವೆ, ನವಣೆ, ಶೇಂಗಾ ಬೆಳೆಯುತ್ತಿದ್ದ ಕೆಂಪು ಮಸಾರಿ ಹೊಲದಲ್ಲಿ ಅಡಿಕೆ ಸಸಿ ನೆಟ್ಟ ದಿನದಿಂದ ಆ ಮನೆ ಬೋರಿಗೆ ಕಟ್ಟುಬಿದ್ದ ಹಾಗೆಯೇ. ಅಂತರ್ಜಲದ ಅತಿಬಳಕೆ ಎಂದು ಸರ್ಕಾರದ ಪಟ್ಟಿಗಳಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ತಾಲ್ಲೂಕು ಎಂಬುದು ಬಹಳ ದೊಡ್ಡ ಘಟಕ. ನನ್ನ ಊರಿನ ಕೆಳಗೆ ನೀರು ಎಷ್ಟು ಅಡಿಯಲ್ಲಿದೆ, ಹೋದ ವರ್ಷ ಎಷ್ಟಿತ್ತು ಎಂದು ಕೇಳಿದರೆ ಪಂಚಾಯಿತಿಯಲ್ಲಿ ಉತ್ತರ ಸಿಗುವುದಿಲ್ಲ.

ಸಿಕ್ಕರೆ ಊರಿನ ವಾಟರ್‌ಮ್ಯಾನ್‌ನ ಬಾಯಲ್ಲಿ ಸಿಗುತ್ತದೆ. ಹಿಂದೆ ಕೆರೆಯ ತೂಬು ಎತ್ತಿ ಇಳಿಸುತ್ತಿದ್ದ ನೀರಗಂಟಿಗೆ ಯಾವ ಗದ್ದೆಗೆ ಎಷ್ಟು ಹೊತ್ತಿನ ನೀರು ಎಂಬುದು ತಲೆಯಲ್ಲೇ ಇರುತ್ತಿತ್ತು. ಇವತ್ತಿನ ವಾಟರ್‌ಮ್ಯಾನ್‌ಗೆ ಯಾವ ಬೋರು ಯಾವ ತಿಂಗಳಲ್ಲಿ ಗಾಳಿ ಎಳೆಯಲು ಶುರು ಮಾಡುತ್ತದೆ, ಯಾವುದು ಮಳೆ ಬಿದ್ದ ಎಷ್ಟು ದಿನಕ್ಕೆ ಚೇತರಿಸಿಕೊಳ್ಳುತ್ತದೆ ಎಂಬುದೆಲ್ಲ ಗೊತ್ತು. ನೀವು ಸಂಶೋಧನೆ ಮಾಡುವವರಾದರೆ ಮೊದಲು ಹೋಗಬೇಕಾದದ್ದು ಅವನ ಹತ್ತಿರ. ಎರಡನೆಯದಾಗಿ ಲೈನ್‌ಮನ್ ಹತ್ತಿರ.

ಲೈನ್‌ಮನ್ ಯಾಕೆ ಎಂದರೆ, ಬೋರಿನ ನೀರಿನ ಮಟ್ಟ ಅಳೆಯುವುದು ಹೇಗೆಂದು ನೋಡಿ. ಮೋಟರು ಓಡುತ್ತಿರುವಾಗ ಅಳೆದರೆ ಸಿಗುವ ಮಟ್ಟ ಒಂದು, ನಿಲ್ಲಿಸಿ ಗಂಟೆಗಟ್ಟಲೆ ಕಳೆದ ಮೇಲೆ ಅಳೆದರೆ ಸಿಗುವುದು ಇನ್ನೊಂದು. ವರ್ಷದಿಂದ ವರ್ಷಕ್ಕೆ ಹೋಲಿಸಲು ಬೇಕಾದದ್ದು ಎರಡನೆಯದು, ನೀರು ಸುಧಾರಿಸಿಕೊಂಡು ನಿಂತ ಮಟ್ಟ. ನಮ್ಮ ತೋಟಗಳಲ್ಲಾದರೋ ಪ್ರತಿ ಮೋಟರಿಗೂ ಆಟೊ ಸ್ಟಾರ್ಟರ್ ಇದೆ. ತ್ರೀ ಫೇಸ್ ಬಂದ ಕ್ಷಣ ಮೋಟರು ತಾನಾಗಿ ಓಡುತ್ತದೆ. ರಾತ್ರಿ ಬಂದರೆ ರಾತ್ರಿ, ನಸುಕಿಗೆ ಬಂದರೆ ನಸುಕಿಗೆ. ಆದ್ದರಿಂದ ಆ ವಾರ ಯಾವ ಫೀಡರಿಗೆ ಯಾವ ಹೊತ್ತಿನಲ್ಲಿ ಕರೆಂಟು ಎಂದು ತಿಳಿದುಕೊಳ್ಳದೆ ಹೊರಟವನ ಅಂಕಿ ನಂಬುವಂತಿಲ್ಲ. ಇನ್ನು ಕೇಸಿಂಗ್ ಪೈಪು ನೆಲದಿಂದ ಒಂದೂವರೆ ಅಡಿ ಮೇಲೆ ಇದ್ದರೆ ಅದನ್ನು ಕಳೆಯಬೇಕು. ಮುಂದಿನ ಸಲ ಬಂದವರು ಅದೇ ಅಂಚಿನಿಂದ ಅಳೆಯುವಂತೆ ಬಣ್ಣದ ಗುರುತು ಹಾಕಿಡಬೇಕು. ತೆರೆದ ಬಾವಿಯಾದರೆ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಹಚ್ಚಿ ಇಳಿಸಿದರೆ ಸಾಕು, ಒದ್ದೆಯಾದ ಗೆರೆ ಲೆಕ್ಕ ಹೇಳುತ್ತದೆ. ಆಳದ ಬೋರಿಗೆ ನೀರು ಮುಟ್ಟಿದಾಗ ಸದ್ದು ಮಾಡುವ ಸೌಂಡರ್ ಬೇಕು. ಅದನ್ನೂ ಪೈಪು, ಕೇಬಲ್ಲು, ಹಗ್ಗಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳದಂತೆ ಇಳಿಸಲು ಕೈ ಪಳಗಬೇಕು. ಎಲ್ಲಕ್ಕಿಂತ ಮೊದಲು ತೋಟದ ಯಜಮಾನ ಮುಚ್ಚಳ ತೆಗೆಯಲು ಒಪ್ಪಬೇಕು. ತನ್ನ ಬೋರಿನಲ್ಲಿ ನೀರು ಎಷ್ಟಿದೆ ಎಂದು ಹೊರಗಿನವರಿಗೆ ತಿಳಿಯುವುದು ಅವನಿಗೆ ಇಷ್ಟವಿಲ್ಲದಿರಬಹುದು. ಆ ಹಿಂಜರಿಕೆಗೆ ಕಾರಣಗಳಿವೆ. ಕೂತು ಮಾತಾಡಿ, ಅಂಕಿಯನ್ನು ಮೊದಲು ಅವನಿಗೇ ಕೊಟ್ಟು, ಅವನ ವಿಶ್ವಾಸ ಗಳಿಸುವುದೂ ಸಂಶೋಧನಾ ಕೌಶಲವೇ. ಪಠ್ಯದಲ್ಲಿ ಅದಕ್ಕೆ ಅಂಕಗಳಿಲ್ಲದಿದ್ದರೂ ಕ್ಷೇತ್ರದಲ್ಲಿ ಅದಿಲ್ಲದೆ ಒಂದು ಹೆಜ್ಜೆ ಮುಂದೆ ಇಡಲಾಗದು.

ಓಡುವ ಬೋರಿನಲ್ಲಿ ಅಳೆಯುವ ಈ ತೊಂದರೆಗೊಂದು ದಾರಿ ನಮ್ಮ ಹೊಲಗಳಲ್ಲೇ ಬಿದ್ದಿದೆ. ಫೇಲಾದ ಬೋರುಗಳು ಊರಿಗೆ ಲೆಕ್ಕವಿಲ್ಲದಷ್ಟಿವೆ. ಬಾಯಿ ತೆರೆದು ಬಿಟ್ಟ ಬೋರುಗಳಲ್ಲಿ ಮಕ್ಕಳು ಬಿದ್ದ ಸುದ್ದಿ ಕೇಳಿ ನಾಡೆಲ್ಲ ಮರುಗಿದ್ದೂ ಇದೆ. ಅವುಗಳಲ್ಲಿ ಊರಿಗೆ ಒಂದೆರಡನ್ನು ಆರಿಸಿ, ಬೀಗ ಹಾಕುವ ಕಬ್ಬಿಣದ ಮುಚ್ಚಳ ಮಾಡಿಸಿ, ವೀಕ್ಷಣಾ ಬಾವಿಯಾಗಿ ಇಟ್ಟುಕೊಳ್ಳಬಹುದು. ಅಲ್ಲಿ ಮೋಟರಿಲ್ಲ, ಪೈಪಿಲ್ಲ, ಕೇಬಲ್ಲಿಲ್ಲ. ತಳದಲ್ಲಿ ಸ್ವಲ್ಪ ನೀರಿರುವ ಬೋರಾದರೆ ಸಾಕು, ಸುತ್ತಲ ಅಂತರ್ಜಲ ಏರಿಳಿಯುವುದು ಅದರಲ್ಲಿ ಕಾಣುತ್ತದೆ. ಉಳಿದವನ್ನು ಗಟ್ಟಿಯಾಗಿ ಮುಚ್ಚಿಸಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ತಮಿಳುನಾಡಿನ ತಿರುಚೆಂಗೋಡಿನಿಂದ ರಿಗ್ ಲಾರಿಗಳು ನಮ್ಮ ಹಳ್ಳಿಗಳಿಗೆ ಬರುತ್ತವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಯಂತ್ರ ತಂದೋ ಯಾರೋ ಪಾಯಿಂಟ್ ಮಾಡಿಕೊಟ್ಟಿರುತ್ತಾರೆ. ರಾತ್ರಿಯಿಡೀ ಕೊರೆತ ನಡೆಯುತ್ತದೆ. ಒಂದೊಂದು ರಾಡು ಇಳಿದಂತೆ ಮೇಲೆ ಬರುವ ಕಲ್ಲುಪುಡಿಯ ಬಣ್ಣ ಬದಲಾಗುತ್ತದೆ. ಮೊದಲು ಕೆಂಪು, ಆಮೇಲೆ ಹಳದಿ, ಬೂದಿ, ಕಪ್ಪು, ಕೆಲವೆಡೆ ಹಸಿರು. ಎಷ್ಟನೇ ಅಡಿಗೆ ಮೆತ್ತಗಾಯಿತು, ಎಷ್ಟನೇ ಅಡಿಗೆ ತೇವ ಬಂತು, ಎಲ್ಲಿ ಬಿರುಕು ಸಿಕ್ಕಿತು, ಎಲ್ಲವನ್ನೂ ಆ ರೈತನ ಕುಟುಂಬ ಉಸಿರು ಬಿಗಿಹಿಡಿದು ನೋಡುತ್ತಿರುತ್ತದೆ. ಲಕ್ಷಗಟ್ಟಲೆ ಸಾಲ ತಂದ ಹಣ ಅದು. ಬೆಳಗಾಗುವಾಗ ಲಾರಿ ಹೋಗುತ್ತದೆ. ಕಲ್ಲುಪುಡಿ ಮುಂದಿನ ಮಳೆಗೆ ತೊಳೆದು ಹೋಗುತ್ತದೆ. ಭೂಗರ್ಭವನ್ನು ಸಾವಿರ ಅಡಿ ತೆರೆದು ನೋಡಿದ ಒಂದು ಪ್ರಯೋಗ, ರೈತನೇ ದುಡ್ಡು ಕೊಟ್ಟು ಮಾಡಿಸಿದ ಪ್ರಯೋಗ, ಒಂದು ಸಾಲೂ ಬರೆದಿಡದೆ ಮುಗಿದು ಹೋಗುತ್ತದೆ. ಕೊಳವೆಬಾವಿ ಕೊರೆಯಲು ನೋಂದಣಿ, ಅನುಮತಿ ಬೇಕೆಂಬ ಕಾನೂನು ಕರ್ನಾಟಕದಲ್ಲಿ 2011ರಲ್ಲೇ ಆಗಿದೆ. ಅದರ ಜೊತೆಗೆ ಪ್ರತಿ ಇಪ್ಪತ್ತು ಅಡಿಗೊಂದು ಚಿಟಿಕೆ ಪುಡಿ, ಒಂದು ಪ್ಲಾಸ್ಟಿಕ್ ಚೀಲ, ಒಂದು ಚೀಟಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಈ ಜಿಲ್ಲೆಯ ನೆಲದಡಿಯ ನಕ್ಷೆ ನಮ್ಮ ಕೈಲಿರುತ್ತಿತ್ತು.

ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಸೀಮೆಯಲ್ಲಿ ಹುಟ್ಟಿದ್ದೇ ಭಾಗ್ಯ. ಐಮಂಗಲದ ಕಡೆ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಕಾಣುವ ಲಾವಾ ಶಿಲೆಗಳಿವೆ. ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ ಲಾವಾ, ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಪ್ರಪಂಚದ ಭೂವಿಜ್ಞಾನಿಗಳೆಲ್ಲ ಹೆಸರಿಸುವ ಶಿಲಾಪಟ್ಟಿ ನಮ್ಮ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಯಾವ ಊರು ಶಿಸ್ಟಿನ ಮೇಲಿದೆ, ಯಾವುದು ಗ್ರಾನೈಟು, ನೈಸ್ ಬಂಡೆಯ ಮೇಲಿದೆ ಎಂದು ತಿಳಿದರೆ ಅಲ್ಲಿನ ಬೋರಿನ ಹಣೆಬರಹ ಅರ್ಧ ಓದಿದಂತೆ.

ಚಿತ್ರದುರ್ಗದವರೇ ಆದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿಯವರು ಕೊಳವೆಬಾವಿ ಮರುಪೂರಣವನ್ನು ರೈತರ ತೋಟಗಳಿಗೆ ತೆಗೆದುಕೊಂಡು ಹೋದದ್ದು ಇಲ್ಲಿ ನೆನೆಯಬೇಕಾದ ಕೆಲಸ. ಬೋರಿನ ಸುತ್ತ ಗುಂಡಿ ತೆಗೆದು, ಕೇಸಿಂಗ್‌ಗೆ ರಂಧ್ರ ಕೊರೆದು ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಸೋಸಿ ಇಳಿಸುವ ವಿಧಾನ. ಪುಸ್ತಕದ ವಿದ್ಯೆ ತೋಟದ ಕಸುಬಾದದ್ದಕ್ಕೆ ಇದು ಒಳ್ಳೆಯ ನಿದರ್ಶನ. ಇದನ್ನು ಮುಂದುವರಿಸುವ ಹುಡುಗರು ಒಂದು ಕೆಲಸ ಸೇರಿಸಬೇಕು ಎಂಬುದು ನನ್ನ ಆಸೆ. ಗುಂಡಿ ತೆಗೆಯುವ ಮೊದಲು ಒಂದು ವರ್ಷದ ಮಟ್ಟ, ತೆಗೆದ ಮೇಲೆ ಮೂರು ವರ್ಷದ ಮಟ್ಟ ಬರೆದಿಡಬೇಕು. ಪಕ್ಕದಲ್ಲಿ ಮರುಪೂರಣ ಮಾಡದ ಒಂದು ಬೋರಿನದ್ದನ್ನೂ ಬರೆಯಬೇಕು. ಆಗ ನೀರು ಬಂದದ್ದು ಗುಂಡಿಯಿಂದಲೋ ಒಳ್ಳೆಯ ಮಳೆಯಿಂದಲೋ ಎಂದು ಧೈರ್ಯವಾಗಿ ಹೇಳಬಹುದು. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ನಮ್ಮ ಜಿಲ್ಲೆಯಲ್ಲೂ ನಡೆಯಿತು. ಕೆಲಸ ಮಾಡುವವರ ಜೊತೆಗೇ ಅಳೆಯುವವರನ್ನೂ ಅದರಲ್ಲಿ ಕೂರಿಸಿದ್ದರು, ಉಪಗ್ರಹದ ಚಿತ್ರಗಳನ್ನೂ ಬಳಸಿದ್ದರು. ಆ ಪದ್ಧತಿ ಸಣ್ಣ ಕೆಲಸಗಳಿಗೂ ಇಳಿದು ಬರಬೇಕು.

ಈಗ ನೀರಿನ ಗುಣದ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಕ್ಕಳ ಮೈಮೇಲೆ ಬರೆದುಹೋಗುವ ಪರಿಸರ ಸಮಸ್ಯೆ ಇದು.

ನಮ್ಮ ಜಿಲ್ಲೆಯ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5ರ ತನಕ ಸಹಿಸಬಹುದು. ಇದು ಯಾರೂ ತಂದು ಸುರಿದ ವಿಷವಲ್ಲ. ಗ್ರಾನೈಟಿನಂಥ ಬಂಡೆಗಳಲ್ಲಿರುವ ಖನಿಜಗಳಿಂದ ನಿಧಾನವಾಗಿ ಕರಗಿ ಬರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದಿಡುತ್ತದೆ. ಸುಣ್ಣ ಗಂಟುಗಟ್ಟಿ ಹೊರಬಿದ್ದು ಸವಳು ಹೆಚ್ಚಾದ ನೀರಿನಲ್ಲಿ ಫ್ಲೋರೈಡ್ ಸರಾಗವಾಗಿ ಏರುತ್ತದೆ. ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರಿಗೆ ಇದು ಅಂಟುವ ಸಾಧ್ಯತೆ ಹೆಚ್ಚು. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಇದನ್ನು ಕುಡಿದರೆ ಹಲ್ಲಿನ ಹೊಳಪು ಹೋಗಿ ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಗೆರೆ. ಬಹಳ ವರ್ಷ ಕುಡಿದರೆ ಮೂಳೆ ಬಿಗಿದು ಬೆನ್ನು ಬಾಗದು, ಕುತ್ತಿಗೆ ತಿರುಗದು.

ಈ ರೋಗದ ಕಾರಣವನ್ನು ಜಗತ್ತು ಕಂಡುಕೊಂಡ ಕಥೆಯನ್ನು ಪ್ರತಿ ಪರಿಸರ ವಿದ್ಯಾರ್ಥಿಯೂ ತಿಳಿದಿರಬೇಕು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೆ ಎಂಬ ಹೊಸ ದಂತವೈದ್ಯ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಏನೂ ಆಗಿರಲಿಲ್ಲ. ಅಂದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಏನೋ ಒಳಹೋಗುತ್ತಿದೆ ಎಂದು ಅವನು ಊಹಿಸಿದ. ಅವನಿಗೆ ದೊಡ್ಡ ಪ್ರಯೋಗಾಲಯವಿರಲಿಲ್ಲ, ಇದ್ದದ್ದು ತನ್ನ ವೃತ್ತಿ, ಎಣಿಸಿ ಬರೆದಿಡುವ ಶಿಸ್ತು. ವರ್ಷಗಳ ನಂತರ ಐಡಹೊ ರಾಜ್ಯದ ಓಕ್ಲಿ ಎಂಬ ಊರಿನ ತಾಯಂದಿರು ಅವನಿಗೊಂದು ಸುಳಿವು ಕೊಟ್ಟರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಎಳೆದ ಮೇಲೆ ಮಕ್ಕಳ ಹಲ್ಲು ಕೆಟ್ಟಿತು ಎಂದರು. ನೀರು ಪರೀಕ್ಷಿಸಿದರೆ ಆಗಿನ ವಿಧಾನಗಳಲ್ಲಿ ಏನೂ ಕಾಣಲಿಲ್ಲ. ಆದರೂ ಆ ಪೈಪನ್ನು ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ ಎಂದು ಅವನು ಸಲಹೆ ಕೊಟ್ಟ. ಆಮೇಲೆ ಹುಟ್ಟಿದ ಮಕ್ಕಳಿಗೆ ಒಳ್ಳೆಯ ಹಲ್ಲು ಬಂತು. ಕಾರಣ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಚರ್ಚಿಲ್ ಹೊಸ ಉಪಕರಣದಲ್ಲಿ ನೀರು ಪರೀಕ್ಷಿಸಿದಾಗ. ಮೆಕೆ ಮೂವತ್ತು ವರ್ಷ ಬೆನ್ನು ಹತ್ತಿದ್ದ. ನಮ್ಮ ದೇಶದಲ್ಲಿ 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್‌ನ ಮೊದಲ ವೈದ್ಯಕೀಯ ವರದಿ ಬಂತು.

ಈ ಕಥೆಯಲ್ಲಿ ವೈದ್ಯ, ತಾಯಂದಿರು, ರಸಾಯನ ವಿಜ್ಞಾನಿ ಮೂವರೂ ಇದ್ದಾರೆ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ನಿಲ್ಲುತ್ತಿತ್ತು. ನಮ್ಮಲ್ಲಿ ಈ ಮೂವರೂ ಇದ್ದಾರೆ, ಒಂದೆಡೆ ಕೂತಿಲ್ಲ. ಶಾಲೆಯ ಮೇಷ್ಟ್ರು ಮಕ್ಕಳ ಹಲ್ಲು ದಿನಾ ನೋಡುತ್ತಾರೆ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷಿಸುವುದನ್ನು ಕಲಿಸಬೇಕೆಂದಿದೆ. ಕಾಲೇಜಿನಲ್ಲಿ ರಸಾಯನ ವಿಜ್ಞಾನದ ಪ್ರಯೋಗಾಲಯವಿದೆ. ಇವರನ್ನು ಜೋಡಿಸುವವನೇ ಪರಿಸರ ವೃತ್ತಿಪರ. ಅವನಿಗೆ ಸಣ್ಣ ಸಣ್ಣ ವಿಷಯಗಳು ಕರಾರುವಾಕ್ಕಾಗಿ ಗೊತ್ತಿರಬೇಕು. ಫ್ಲೋರೈಡ್ ಪರೀಕ್ಷೆಯ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿಯಬಾರದು, ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಬೋರು ಚಾಲೂ ಮಾಡಿದ ಕೂಡಲೇ ಹಿಡಿದದ್ದು ಪೈಪಿನಲ್ಲಿ ನಿಂತ ನೀರು, ಸ್ವಲ್ಪ ಹೊತ್ತು ಹರಿಯಲು ಬಿಡಬೇಕು. ಕಿಟ್‌ನ ಬಣ್ಣ ನೋಡಿ ಹೇಳಿದ ಅಂಕಿ ಒಂದು ಅಂದಾಜು, ಹತ್ತರಲ್ಲಿ ಒಂದನ್ನಾದರೂ ಪ್ರಯೋಗಾಲಯದ ಎಲೆಕ್ಟ್ರೋಡಿನಲ್ಲಿ ತಾಳೆ ನೋಡಬೇಕು. ಬಾಟಲಿಯ ಮೇಲೆ ದಿನಾಂಕ, ಜಾಗ, ಬೋರಿನ ಆಳ ಬರೆಯದಿದ್ದರೆ ಆ ನೀರು ಯಾವ ಪ್ರಶ್ನೆಗೂ ಉತ್ತರ ಕೊಡದು.

ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಇದು ಒಳ್ಳೆಯ ಕೆಲಸವೇ. ಆದರೆ ನೀರು ಸೋಸುವ ಮೆಂಬ್ರೇನ್ ಯಾವಾಗ ಬದಲಿಸಬೇಕು, ಬದಲಿಸದಿದ್ದರೆ ಸೋಸಿದ ನೀರಿನಲ್ಲಿ ಏನೇನು ಉಳಿಯುತ್ತದೆ ಎಂದು ಬಲ್ಲ ಆಪರೇಟರ್ ಎಷ್ಟು ಊರಲ್ಲಿದ್ದಾನೆ? ಘಟಕದ ಹಿಂದೆ ಪೈಪಿನಲ್ಲಿ ಹರಿದು ಹೋಗುವ ತ್ಯಾಜ್ಯ ನೀರಿಗೆ ಫ್ಲೋರೈಡ್, ಉಪ್ಪು ಎರಡೂ ಸಾಂದ್ರವಾಗಿ ಸೇರಿರುತ್ತವೆ. ಅದು ಎಲ್ಲಿಗೆ ಹೋಗುತ್ತದೆ? ಪಕ್ಕದ ಚರಂಡಿಗೆ, ಅಲ್ಲಿಂದ ನೆಲಕ್ಕೆ. ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬಳು ಒಂದು ಹೋಬಳಿಯ ಘಟಕಗಳ ತ್ಯಾಜ್ಯ ನೀರನ್ನು ಒಂದು ವರ್ಷ ಅಳೆದರೆ ಅದಕ್ಕಿಂತ ಒಳ್ಳೆಯ ಪ್ರಬಂಧ ಬೇಕಿಲ್ಲ.

ಫ್ಲೋರೈಡಿನ ಜೊತೆಗೆ ರೋಗಾಣುವಿನ ಮಾತೂ ಇದೆ. ಊರಿನ ಕೊನೆಯ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಪರೀಕ್ಷೆಯ ದ್ರಾವಣದ ಹನಿ ಹಾಕಿದರೆ ನೀರು ಹಳದಿಗೆ ತಿರುಗಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಜಿಲ್ಲಾ ಕೇಂದ್ರದಲ್ಲಿ ಹೀಗಾಯಿತು. ಆ ಮನೆಗಳ ದುಃಖದ ಮುಂದೆ ಹೆಚ್ಚು ಮಾತು ಆಡಲು ನನಗೆ ಮನಸ್ಸಿಲ್ಲ. ಆ ಎರಡು ನಿಮಿಷದ ಪರೀಕ್ಷೆ ಪ್ರತಿ ಬಡಾವಣೆಯ ಕೊನೆಯ ನಲ್ಲಿಯಲ್ಲಿ ದಿನಾ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ ಎಂದಷ್ಟೇ ಹೇಳುತ್ತೇನೆ.

ಗಣಿಯ ವಿಷಯಕ್ಕೆ ಬರೋಣ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಹಿಂದೆಯೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಹಾಳಾದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಸಿದವರಿಗೆ ಮಾತ್ರ ಮತ್ತೆ ಅವಕಾಶ ಕೊಟ್ಟಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಿತಿ ಇತ್ತು, ಅದು 70 ಲಕ್ಷಕ್ಕೆ ಏರಿ, 2022ರಲ್ಲಿ 150 ಲಕ್ಷ ಟನ್ನಿಗೆ ಬಂದಿದೆ. ಮಿತಿ ಮೂರು ಪಟ್ಟಾಗಿದೆ, ಅಳೆಯುವವರು ಮೂರು ಪಟ್ಟಾಗಿದ್ದಾರೆಯೇ?

ಗಣಿ ವಿಸ್ತರಣೆಗೆ ಮುಂಚೆ ಊರಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಪರಿಸರ ಪರಿಣಾಮ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ಶಾಮಿಯಾನದಡಿ ಸಭೆ ನಡೆಯುತ್ತದೆ. ರೈತರು ಎದ್ದು ನಿಂತು ಅಡಿಕೆ ಗರಿಯ ಮೇಲೆ ಕೆಂಪು ದೂಳು ಕೂತಿದೆ, ಹೂವು ಉದುರುತ್ತಿದೆ, ಮಕ್ಕಳಿಗೆ ಕೆಮ್ಮು ಎನ್ನುತ್ತಾರೆ. ಅತ್ತ ಕಡೆಯವರು ದಪ್ಪ ವರದಿ ತೆರೆದು ಗಾಳಿಯ ದೂಳು ಮಿತಿಯೊಳಗೇ ಇದೆ ಎನ್ನುತ್ತಾರೆ. ರೈತನ ಮಾತು ನಡವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ.

ಆ ಸಭೆಯಲ್ಲಿ ರೈತನ ಪಕ್ಕ ಒಬ್ಬ ವರದಿ ಓದಬಲ್ಲವನಿರಬೇಕು. ಅವನು ಮೊದಲು ಕೇಳುವುದು ದೂಳನ್ನು ಯಾವ ತಿಂಗಳಲ್ಲಿ ಅಳೆದಿರಿ ಎಂದು. ಒಂದು ಋತುವಿನ ಅಳತೆ ಮೇಲೆ ವರದಿ ಬರೆಯುವ ರೂಢಿ ಇದೆ. ನಮ್ಮಲ್ಲಿ ಆಷಾಢದ ಗಾಳಿಯೇ ಬೇರೆ, ಮಾಘದ ಗಾಳಿಯೇ ಬೇರೆ. ಅಳತೆಯ ಯಂತ್ರ ಗಣಿಯ ಗಾಳಿ ಬೀಸುವ ದಿಕ್ಕಿನಲ್ಲಿತ್ತೋ ಎದುರು ದಿಕ್ಕಿನಲ್ಲಿತ್ತೋ, ಲಾರಿ ಓಡುವ ರಸ್ತೆಗೆ ಎಷ್ಟು ದೂರದಲ್ಲಿತ್ತು ಎಂದು ಅವನು ಕೇಳಬೇಕು. ಪಿಎಂ 10 ಎಂಬ ಸೂಕ್ಷ್ಮ ದೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ವರ್ಷದ ಸರಾಸರಿಯ ಮಿತಿ 60. ವರ್ಷದ ಸರಾಸರಿ ಹೇಳಬೇಕಾದರೆ ವಾರಕ್ಕೆರಡರಂತೆ ಕನಿಷ್ಠ 104 ದಿನದ ಅಳತೆ ಬೇಕು. ಈ ಒಂದು ವಾಕ್ಯ ಗೊತ್ತಿದ್ದವನು ಸಭೆಯ ದಿಕ್ಕನ್ನೇ ಬದಲಿಸಬಹುದು. ತ್ಯಾಜ್ಯ ಮಣ್ಣಿನ ಗುಡ್ಡೆಯ ಬುಡಕ್ಕೆ ಕಟ್ಟಿದ ಗೋಡೆ ನಿಂತಿದೆಯೇ, ಮಳೆಗೆ ಕೆಂಪು ನೀರು ಯಾವ ಹಳ್ಳಕ್ಕೆ, ಯಾವ ಕೆರೆಗೆ ಇಳಿಯುತ್ತದೆ ಎಂದು ಮಳೆಗಾಲದಲ್ಲಿ ಹೋಗಿ ಚಿತ್ರ ತೆಗೆದು, ಜಾಗದ ಅಕ್ಷಾಂಶ ರೇಖಾಂಶ ಸಹಿತ ಇಟ್ಟುಕೊಂಡಿರಬೇಕು. ಗಣಿಗಾರಿಕೆಯಿಂದ ಹಾಳಾದ ಪ್ರದೇಶಗಳ ಪುನಶ್ಚೇತನಕ್ಕೆಂದೇ ಕೂಡಿಸಿದ ಸಾವಿರಾರು ಕೋಟಿ ರೂಪಾಯಿ ನಮ್ಮ ಜಿಲ್ಲೆಗೂ ಖರ್ಚಾಗಬೇಕಾಗಿದೆ. ಆ ಹಣ ಬರೀ ಕಟ್ಟಡ, ರಸ್ತೆಗೆ ಹೋಗದೆ ನೆಲ, ನೀರು, ಆರೋಗ್ಯಕ್ಕೆ ಸೇರಬೇಕಾದರೆ ಊರಿನ ಪರವಾಗಿ ಅಂಕಿ ಇಟ್ಟು ಮಾತಾಡುವವರು ಬೇಕು.

ದನಗಳ ಮೇವಿಗೆ ಬಿಟ್ಟ ಅಮೃತಮಹಲ್ ಕಾವಲುಗಳ ಹುಲ್ಲುಗಾವಲಿನ ಬಗ್ಗೆ ಹೇಳಲು ಬಹಳ ಇದೆ, ಸಮಯವಿಲ್ಲ. ಕಾವಲನ್ನು ಬಂಜರು ಎಂದು ಕಾಗದದಲ್ಲಿ ಬರೆಯುವ ಮುನ್ನ ಅಲ್ಲಿನ ಹುಲ್ಲು, ಹಕ್ಕಿ, ಕೃಷ್ಣಮೃಗ, ದನ ಕುರಿಗಳನ್ನು ನಾಲ್ಕೂ ಕಾಲ ಎಣಿಸಿದ ದಾಖಲೆ ಇರಲಿ ಎಂಬುದೊಂದು ಮಾತು ಸಾಕು.

ಅಳೆದು ಬರೆದಿಡುವ ಈ ಕಸುಬು ಕಲಿಸಲು ನಮ್ಮಲ್ಲಿ ಜಾಗಗಳಿಲ್ಲವೇ? ಗುಡ್ಡದರಂಗವ್ವನಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜು ಇವೆ. ಗ್ರಾಮ ಪಂಚಾಯಿತಿಗಳಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ, ಅಟಲ್ ಭೂಜಲ ಯೋಜನೆಯಲ್ಲಿ ಬಂದ ಉಪಕರಣಗಳಿವೆ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಪದವಿಯ ಎಲ್ಲ ಮಕ್ಕಳಿಗೂ ಪರಿಸರ ಅಧ್ಯಯನ ಕಡ್ಡಾಯವಾಯಿತು. ಆ ಪಠ್ಯದಲ್ಲಿ ಕ್ಷೇತ್ರಕಾರ್ಯಕ್ಕೆ ಜಾಗ ಕೊಟ್ಟಿದ್ದಾರೆ. ಅದನ್ನು ಓಝೋನ್ ದಿನದ ಚಾರ್ಟು ಬರೆಸಿ ಮುಗಿಸಿದರೆ ಮಕ್ಕಳಿಗೆ ಮಾಡುವ ಅನ್ಯಾಯ.

ಸಂಶೋಧನೆ ಮಾಡುವ ಗೆಳೆಯರಿಗೆ ಇನ್ನೊಂದು ಮಾತು. ನೀವು ಹಳ್ಳಿಯಿಂದ ನೀರು, ಮಣ್ಣು, ಮಾಹಿತಿ ತರುತ್ತೀರಿ. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ನಿಮಗೆ ಪದವಿ ಬರುತ್ತದೆ. ನೀರು ಕೊಟ್ಟ ಮನೆಯವರಿಗೆ ತಮ್ಮ ಬೋರಿನಲ್ಲಿ ಏನಿತ್ತು ಎಂದು ಕೊನೆತನಕ ತಿಳಿಯುವುದಿಲ್ಲ. ಒಂದು ಪುಟದ ಕನ್ನಡ ವರದಿಯನ್ನು ಗ್ರಾಮಸಭೆಯಲ್ಲಿ ಓದಿ, ಪ್ರತಿ ಒಂದನ್ನು ಪಂಚಾಯಿತಿಗೆ ಕೊಟ್ಟು ಬರುವುದನ್ನು ನಿಮ್ಮ ಮಾರ್ಗದರ್ಶಕರು ಕಡ್ಡಾಯ ಮಾಡಲಿ. ಅಂಕಿಯನ್ನು ಊರಿನ ಮಾತಿನಲ್ಲಿ, ಹೆದರಿಸದೆ, ಮುಚ್ಚಿಡದೆ ಹೇಳುವುದು ಪ್ರಯೋಗಾಲಯದ ಕೆಲಸಕ್ಕಿಂತ ಕಷ್ಟ. ಅದನ್ನೂ ಕಲಿಯಬೇಕು.

ಕೊನೆಯಲ್ಲಿ ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದವರಲ್ಲಿ, ಕಾಲೇಜಿನ ಪ್ರಾಚಾರ್ಯರಲ್ಲಿ ಒಂದು ಬೇಡಿಕೆ ಇದೆ. ದತ್ತಿಯ ಬಡ್ಡಿಯಲ್ಲಿ ಈ ವರ್ಷ ನನಗೆ ಕೊಡುವ ಸಂಭಾವನೆಯನ್ನು ನಾನು ಇಲ್ಲಿಯೇ ಬಿಟ್ಟು ಹೋಗುತ್ತೇನೆ. ಅದಕ್ಕೆ ಸ್ವಲ್ಪ ಸೇರಿಸಿ ನೀರಿನ ಮಟ್ಟ ಅಳೆಯುವ ಒಂದು ಸೌಂಡರ್ ಕೊಳ್ಳಿ. ನಾಲ್ಕು ಊರು ಆರಿಸಿ. ಹೊಳಲ್ಕೆರೆಯ ಅಡಿಕೆ ಸೀಮೆಯದೊಂದು, ಹೊಸದುರ್ಗದ ಹಿನ್ನೀರಿನ ಅಂಚಿನದೊಂದು, ಹಿರಿಯೂರಿನ ಎರೆಭೂಮಿಯದೊಂದು, ಚಿತ್ರದುರ್ಗದ ಗಣಿ ಲಾರಿ ಓಡಾಡುವ ರಸ್ತೆಯದೊಂದು. ಪ್ರತಿ ಊರಲ್ಲಿ ಎರಡು ಫೇಲಾದ ಬೋರಿಗೆ ಬೀಗದ ಮುಚ್ಚಳ ಹಾಕಿಸಿ. ಮೇ ಕೊನೆಯ ವಾರ, ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ನವೆಂಬರ್‌ನಲ್ಲಿ ಹಿಂಗಾರು ಮುಗಿಯುತ್ತಾ ಬಂದಾಗ ಒಮ್ಮೆ, ಆ ಊರುಗಳಿಂದಲೇ ಬರುವ ವಿದ್ಯಾರ್ಥಿಗಳು ಅಳೆಯಲಿ. ಅಂಕಿ ಪಂಚಾಯಿತಿಯ ಗೋಡೆ ಮೇಲೆ ಬಣ್ಣದಲ್ಲಿ ಬರೆಯಲಿ, ಕಾಲೇಜಿನ ಪುಸ್ತಕದಲ್ಲೂ ಬರೆಯಲಿ. ಮುಂದಿನ ವರ್ಷ ಈ ವೇದಿಕೆಗೆ ಹೊರಗಿನಿಂದ ಯಾರನ್ನೂ ಕರೆಯಬೇಡಿ. ಅಳೆದ ವಿದ್ಯಾರ್ಥಿಗಳೇ ಬಂದು ಎಂಟು ಬೋರಿನ ಲೆಕ್ಕ ಒಪ್ಪಿಸಲಿ, ಆ ಊರಿನ ವಾಟರ್‌ಮ್ಯಾನ್‌ಗಳು ಮುಂದಿನ ಸಾಲಿನಲ್ಲಿ ಕೂತು ಕೇಳಲಿ. ನಾನು ಹಿಂದಿನ ಸಾಲಿನಲ್ಲಿ ಬಂದು ಕೂರುತ್ತೇನೆ.